ಒಂದು ಕುದಿ ಬರಿಸಿದ್ರೆ ಆಯ್ತಲ್ಲ?

ಮುಚ್ಚಳ ತಿರುಗಿಸಿದ ಕೂಡಲೇ ಟುಸ್ಸೆಂದು ಗಾಳಿ ಹೊರಟಿತು. ಹಲಸಿನ ಸೊಳೆಗಳ ಸಂದಿಯಿಂದ ಸಣ್ಣ ಸಣ್ಣ ಗುಳ್ಳೆಗಳು ಎದ್ದವು, ನೊರೆ ಬಾಟಲಿಯ ಕಂಠ ದಾಟಿ ಅಡುಗೆಮನೆಯ ಕಲ್ಲಿನ ಮೇಲೆ ಇಳಿಯಿತು. ಕುಂಜಿಬೆಟ್ಟಿನ ಪಕ್ಕದ ಮನೆಯ ಅಕ್ಕ ಆ ನೊರೆಯನ್ನು ಬೆರಳಲ್ಲಿ ಒರೆಸಿ ಬಾಯಿಗೆ ಇಡಲು ಹೊರಟಿದ್ದರು. ಕೈ ಹಿಡಿದು ನಿಲ್ಲಿಸಿದೆ. ಅವರಿಗೆ ಆಶ್ಚರ್ಯ. "ಎಂಥ ಆಗುದಿಲ್ಲ. ಒಂದು ಕುದಿ ಬರಿಸಿದ್ರೆ ಆಯ್ತಲ್ಲ ಮಾರಾಯ್ರೆ?"

ಭಾನುವಾರ ಕೇಳಿದ ಮಾತು, ವಾರವಿಡೀ ಕಿವಿಯಲ್ಲೇ ಇದೆ. ಅಕ್ಕ ಉಡಾಫೆಯವರಲ್ಲ. ಹಲಸಿನ ಬೇಳೆಗೆ ಕೆಮ್ಮಣ್ಣು ಸವರಿ ಮಳೆಗಾಲಕ್ಕೆ ಎತ್ತಿಡುವವರು, ಸಿಪ್ಪೆಯನ್ನು ದನಕ್ಕೆ ಕೊಡುವವರು, ಏನನ್ನೂ ಹಾಳು ಮಾಡದವರು. ಅಂಥವರ ಹತ್ತಿರ ಆರು ಬಾಟಲಿ ಹಣ್ಣು ಚೆಲ್ಲಿ ಎನ್ನುವುದು ಸಣ್ಣ ಮಾತಲ್ಲ.

ಅವರು ಹೇಳಿದ್ದರಲ್ಲಿ ಅರ್ಧ ಸತ್ಯವೂ ಇದೆ, ಅಪಾಯ ಇರುವುದೇ ಅಲ್ಲಿ. ಗಾಳಿಯಾಡದ ಬಾಟಲಿಯೊಳಗೆ ಬೆಳೆಯುವ ಕ್ಲಾಸ್ಟ್ರಿಡಿಯಂ ಬಾಟುಲಿನಂ ಎಂಬ ಬ್ಯಾಕ್ಟೀರಿಯಾ ಬಿಡುವ ವಿಷ ಹತ್ತು ನಿಮಿಷ ಚೆನ್ನಾಗಿ ಕುದಿಸಿದರೆ ಒಡೆಯುತ್ತದೆ. ಆದರೆ ಅದರ ಬೀಜಕಗಳು, ಅಂದರೆ ಮತ್ತೆ ಮೊಳೆತು ಬ್ಯಾಕ್ಟೀರಿಯಾ ಆಗುವ ಕಣಗಳು, ಹಾಗಲ್ಲ. 100 ಡಿಗ್ರಿ ಕುದಿನೀರಿನಲ್ಲಿ ಗಂಟೆಗಟ್ಟಲೆ ಇದ್ದರೂ ಉಳಿಯಬಲ್ಲವು, ಅವುಗಳನ್ನು ಕೊಲ್ಲಲು ಒತ್ತಡದಲ್ಲಿ 121 ಡಿಗ್ರಿ ಬೇಕು. ವಿಷವಾದರೋ ಚಮಚದ ತುದಿಗೆ ಅಂಟಿದಷ್ಟು ಸಾಕು. ರುಚಿ ನೋಡುವ ಬೆರಳು, ಕಲ್ಲು ಒರೆಸಿದ ಬಟ್ಟೆ, ಇವನ್ನು ಯಾರೂ ಕುದಿಸುವುದಿಲ್ಲ. ತಿಂದವರಿಗೆ ಸಾಮಾನ್ಯವಾಗಿ 12ರಿಂದ 36 ಗಂಟೆಯೊಳಗೆ ಕಣ್ಣೆದುರಿನದು ಎರಡೆರಡಾಗಿ ಕಾಣುತ್ತದೆ, ರೆಪ್ಪೆ ಜೋಲುತ್ತದೆ, ನುಂಗಲು ಆಗುವುದಿಲ್ಲ. ಅಂದಿನ ನೊರೆ ಬರೀ ಯೀಸ್ಟಿನದೂ ಆಗಿರಬಹುದು. ಆದರೆ ನೋಡಿ, ಮೂಸಿ ಅದನ್ನು ಹೇಳಲು ಬರುವುದಿಲ್ಲ. ಈ ವಿಷಕ್ಕೆ ವಾಸನೆ ಇರಲೇಬೇಕೆಂದಿಲ್ಲ, ಮುಚ್ಚಳ ಉಬ್ಬಲೇಬೇಕೆಂದೂ ಇಲ್ಲ.

ಬಾಟಲಿ ತುಂಬಿಸಿದ್ದು ಬೆಂಗಳೂರಿನಿಂದ ರಜೆಗೆ ಬಂದಿದ್ದ ಅವರ ಮಗ, ಮೇ ಮೊದಲ ವಾರದಲ್ಲಿ. ಹುಡುಗ ಬಲು ಶಿಸ್ತಿನವನು. ಹೊಸ ಮುಚ್ಚಳ ತಂದಿದ್ದ, ಬಾಟಲಿಗಳನ್ನು ಕುದಿಸಿದ್ದ, ಪಾತ್ರೆಯ ತಳಕ್ಕೆ ಬಟ್ಟೆ ಹಾಸಿದ್ದ, ಮುಚ್ಚಳದ ಮೇಲೆ ಒಂದಿಂಚು ನೀರು ನಿಲ್ಲಿಸಿ ಗಡಿಯಾರ ನೋಡಿ ಕುದಿಸಿದ್ದ. ಒಂದು ಹೆಜ್ಜೆಯೂ ತಪ್ಪಿಲ್ಲ. ತಪ್ಪಿದ್ದು ಹಣ್ಣು. ಅವನು ನೋಡಿ ಕಲಿತ ವೀಡಿಯೊ ಪ್ಲಮ್ ಹಣ್ಣಿನದು. ಪ್ಲಮ್ ಹುಳಿ. ಹುಳಿಯನ್ನು ಅಳೆಯುವ ಪಿಎಚ್ 4.6ಕ್ಕಿಂತ ಕೆಳಗಿದ್ದರೆ ಆ ಬೀಜಕಗಳು ಮೊಳೆಯುವುದಿಲ್ಲ. ಉಳಿದ ಯೀಸ್ಟು, ಬೂಷ್ಟುಗಳನ್ನು ಕುದಿನೀರೇ ನೋಡಿಕೊಳ್ಳುತ್ತದೆ. ಹಣ್ಣಾದ ಹಲಸಿನ ಪಿಎಚ್ ಸಾಮಾನ್ಯವಾಗಿ 5ರ ಆಸುಪಾಸು ಅಥವಾ ಇನ್ನೂ ಮೇಲೆ. ಸಿಹಿ ಇದೆ, ಹುಳಿ ಇಲ್ಲ. ತೆಳು ಪಾಕದಲ್ಲಿ ಮುಳುಗಿಸಿ ಗಾಳಿ ತೆಗೆದರೆ ಆ ಬ್ಯಾಕ್ಟೀರಿಯಾಕ್ಕೆ ಬೇಕಾದ ಮನೆಯನ್ನೇ ಕಟ್ಟಿಕೊಟ್ಟಂತೆ.

"ಹಾಗಾದ್ರೆ ಎರಡು ಲಿಂಬೆ ಹಿಂಡಿದ್ರೆ ಸಾಕಿತ್ತಾ?" ಎಂದು ಕೇಳಿದರು ಅಕ್ಕ. ಪ್ರಶ್ನೆ ಸರಿಯಾದದ್ದೇ. ಆದರೆ ಹಲಸಿಗೆ ಇಷ್ಟು ಲಿಂಬೆ ಎಂದು ಅಂದಾಜಿನಲ್ಲಿ ಹೇಳುವ ಹಾಗಿಲ್ಲ. ಡಬ್ಬಿಗೆ ಹಾಕುವ ಕಾರ್ಖಾನೆಗಳು ಪಾಕಕ್ಕೆ ಸಿಟ್ರಿಕ್ ಆಮ್ಲ ಸೇರಿಸುತ್ತವೆ, ಪಿಎಚ್ ಅಳೆಯುತ್ತವೆ. ಪಾಕ ಹುಳಿಯಾದರೆ ಸಾಲದು, ಸೊಳೆಯ ಒಳತಿರುಳಿನ ತನಕ ಹುಳಿ ಹೋಗಿರಬೇಕು. ಮನೆಯ ಕುಕ್ಕರಿನಲ್ಲಿಟ್ಟು ಸೀಟಿ ಹಾಕಿಸುವುದನ್ನೂ ನಂಬಬಾರದು. ಅದು ಬೇಗ ಬಿಸಿಯಾಗಿ ಬೇಗ ತಣಿಯುತ್ತದೆ, ಬಾಟಲಿಯ ನಡುವಿನ ಹಣ್ಣಿಗೆ ಎಷ್ಟು ಹೊತ್ತು ಎಷ್ಟು ಬಿಸಿ ತಾಗಿತು ಎನ್ನುವ ಲೆಕ್ಕ ಸಿಗುವುದಿಲ್ಲ. ಸೊಳೆ ಸೊಳೆಯಾಗಿಯೇ ಬೇಕೆಂದರೆ ಬೇಳೆ ತೆಗೆದು ಫ್ರೀಜರಿಗೆ ಹಾಕಿ.

ಅಷ್ಟರಲ್ಲಿ ಚಾವಡಿಯಿಂದ ಅಕ್ಕನ ಭಾವನವರ ದನಿ. "ನಾವೆಲ್ಲ ಹಲಸು ಇಟ್ಟು ತಿಂದವರೇ. ಯಾರಿಗೆ ಎಂಥ ಆಗಿದೆ?" ಹಿರಿಯರು, ಎದುರು ಮಾತಾಡಲಿಲ್ಲ. ಆದರೆ ಮಗನ ಕೆಲಸಕ್ಕಿಂತ ಈ ಮಾತೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ಏಕೆಂದರೆ ಅವರು ಇಟ್ಟು ತಿಂದದ್ದು ಇದನ್ನಲ್ಲ. ಅವರು ತಿಂದದ್ದು ಉಪ್ಪು ಸೊಳೆ. ಬಲಿತ ಕಾಯಿಯ ಸೊಳೆ, ಅದರ ತೂಕದ ಐದರಲ್ಲಿ ಒಂದು ಪಾಲು ಉಪ್ಪು, ಮೇಲೊಂದು ಕಲ್ಲು. ಸೊಳೆಯೇ ನೀರು ಬಿಟ್ಟು ಆ ಉಪ್ಪುನೀರಿನಲ್ಲೇ ಮುಳುಗಿರುತ್ತದೆ. ನೀರಿನಲ್ಲಿ ನೂರಕ್ಕೆ 10ರಷ್ಟು ಉಪ್ಪಿದ್ದರೇ ಈ ಬ್ಯಾಕ್ಟೀರಿಯಾ ಬೆಳೆಯದು, ಇಲ್ಲಿ ಅದಕ್ಕಿಂತ ಹೆಚ್ಚಿದೆ. ಅವರು ತಿಂದದ್ದು ಪೆರಟಿ, ಹಲಸಿನ ತಿರುಳನ್ನು ಬೆಲ್ಲ ಹಾಕಿ ಕಾಯಿಸಿದ್ದು, ನೀರೆಲ್ಲ ಆರಿ ಉಂಡೆ ಕಟ್ಟುವಷ್ಟು ಗಟ್ಟಿ. ಅವರು ತಿಂದದ್ದು ಮಾಂಬಳ. ಕಾಟು ಮಾವಿನ ರಸವನ್ನು ಚಾಪೆಯ ಮೇಲೆ ದಿನಕ್ಕೊಂದು ಪದರ ಸವರಿ, ಕೆಳಗಿನದು ಒಣಗಿದ ಮೇಲೆಯೇ ಮೇಲಿನದು. ಮೇ ಕೊನೆಗೆ ಬರುವ ಪತ್ತನಾಜೆ ಕಳೆದ ಮೇಲೆ ಬಿಸಿಲನ್ನು ನಂಬುವಂತಿಲ್ಲವೆಂದು ಮೊದಲೇ ಮುಗಿಸುತ್ತಿದ್ದರು. ಪುನರ್ಪುಳಿ, ಅಂದರೆ ಕೋಕಂ, ಅದಂತೂ ಹುಟ್ಟಾ ಹುಳಿ. ಓಡಿನೊಳಗೆ ಸಕ್ಕರೆ ತುಂಬಿ ಗಾಜಿನ ಭರಣಿಯಲ್ಲಿ ಬಿಸಿಲಿಗಿಟ್ಟರೆ ಒಂದು ವಾರದಲ್ಲಿ ರಸ ತಾನಾಗಿ ಇಳಿಯುತ್ತದೆ. ಅಲ್ಯೂಮಿನಿಯಂ ಪಾತ್ರೆ ಮಾತ್ರ ಮುಟ್ಟಿಸಬಾರದು, ಹುಳಿ ಅದನ್ನು ತಿನ್ನುತ್ತದೆ.

ಇವುಗಳಲ್ಲಿ ಒಂದನ್ನೂ ಕಾದದ್ದು ಕುದಿಯಲ್ಲ. ಕಾದದ್ದು ಉಪ್ಪು, ಹುಳಿ, ಒಣಗು, ಸಕ್ಕರೆ. ಅಜ್ಜಿಯಂದಿರು ಪಿಎಚ್ ಎಂಬ ಮಾತು ಕೇಳದಿದ್ದರೂ ಯಾವ ಹಣ್ಣನ್ನು ಯಾವುದರ ಕೈಗೆ ಒಪ್ಪಿಸಬೇಕೆಂದು ಅವರಿಗೆ ಗೊತ್ತಿತ್ತು. ಅವರ ಧೈರ್ಯ ಮಾತ್ರ ನಮಗೆ ಬಂದಿದೆ, ಆ ಧೈರ್ಯದ ಹಿಂದಿದ್ದ ಉಪ್ಪಿನ ಅಳತೆ ಬರಲಿಲ್ಲ.

ಬಾಟಲಿಯೇ ಬೇಕೆಂದಾದರೆ ಮಾವು ಇದೆಯಲ್ಲ. ನಮ್ಮ ಕಡೆಯ ಮುಂಡಪ್ಪ ಮಾವಿನ ಜಾಮ್ ಮಾಡಿ. ಒಂದು ಕಿಲೋ ತಿರುಳು, 750 ಗ್ರಾಂ ಸಕ್ಕರೆ, ಮೂರು ದೊಡ್ಡ ಲಿಂಬೆಯ ರಸ. ಹಣ್ಣು ಮಾವಿನಲ್ಲಿ ಜಾಮ್ ಹೆಪ್ಪುಗಟ್ಟಿಸುವ ಪೆಕ್ಟಿನ್ ಕಡಿಮೆ, ಅದಕ್ಕೆ 100 ಗ್ರಾಂ ಮಾವಿನಕಾಯಿ ತುರಿದು ಸೇರಿಸಿ. ಲಿಂಬೆ ಬಿಡಬೇಡಿ. ಚೆನ್ನಾಗಿ ಹಣ್ಣಾದ ಮಾವಿನ ಪಿಎಚ್ ಕೆಲವೊಮ್ಮೆ 4.6ರ ಗಡಿಯಲ್ಲೇ ಇರುತ್ತದೆ. ಲಿಂಬೆ ಕಡಿಮೆಯಾದರೆ ಜಾಮ್ ಹೆಪ್ಪಾಗುವುದಿಲ್ಲ, ತಿಂಗಳು ಕಳೆಯುವಾಗ ಸಕ್ಕರೆ ಹರಳುಗಟ್ಟುವುದೂ ಉಂಟು. ಅಗಲ ಬಾಣಲೆಯಲ್ಲಿ ತಿರುಳು ಮೊದಲು ಬಿಸಿಯಾಗಲಿ, ಆಮೇಲೆ ಸಕ್ಕರೆ. ಉಡುಪಿ ಸಮುದ್ರದ ಮಟ್ಟದಲ್ಲಿದೆ, ಇಲ್ಲಿ 105 ಡಿಗ್ರಿಗೆ ಬಂದಾಗ ಇಳಿಸಬಹುದು. ಮಡಿಕೇರಿಯಲ್ಲಿ ನೀರು 96ರ ಸುಮಾರಿಗೇ ಕುದಿಯುವುದರಿಂದ ಅಲ್ಲಿ ಲೆಕ್ಕ ಬೇರೆ. ಥರ್ಮಾಮೀಟರ್ ಇಲ್ಲದಿದ್ದರೆ ಫ್ರೀಜರಿನಲ್ಲಿ ತಣಿಸಿದ ಬಸಿಯ ಮೇಲೆ ಒಂದು ಹನಿ ಬಿಟ್ಟು ನಿಮಿಷ ಕಳೆದು ಬೆರಳಲ್ಲಿ ತಳ್ಳಿ. ಮೇಲೆ ಸುಕ್ಕು ಎದ್ದರೆ ಆಯಿತು. ಅದನ್ನು ದಾಟಿ ಕಾಯಿಸಿದರೆ ರಬ್ಬರಿನಂತಾಗುತ್ತದೆ.

ಬಿಸಿ ಬಾಟಲಿಗೆ ಬಿಸಿ ಜಾಮ್. ತಣ್ಣಗಿನ ಬಾಟಲಿ ಒಡೆಯುತ್ತದೆ. ಮೇಲೆ ಕಾಲಿಂಚು ಖಾಲಿ ಬಿಡಿ. ಬಾಯಿಯ ಅಂಚನ್ನು ಒದ್ದೆ ಬಟ್ಟೆಯಿಂದ ಒರೆಸಿ, ಅಲ್ಲಿ ಒಂದು ಹನಿ ಜಾಮ್ ಉಳಿದರೂ ಮುಚ್ಚಳ ಕೂರುವುದಿಲ್ಲ. ಹಳೆಯ ಉಪ್ಪಿನಕಾಯಿ ಬಾಟಲಿ ನಡೆಯುತ್ತದೆ, ಹಳೆಯ ಮುಚ್ಚಳ ನಡೆಯುವುದಿಲ್ಲ. ಒಳಗಿನ ರಬ್ಬರಿನ ಪಟ್ಟಿ ಒಮ್ಮೆ ಒತ್ತಿ ಹೋಗಿರುತ್ತದೆ. ಅರ್ಧ ಲೀಟರಿನ ಒಳಗಿನ ಬಾಟಲಿಗೆ, ನೀರು ತಳಮಳ ಕುದಿಯಲು ತೊಡಗಿದ ಮೇಲೆ ಎಣಿಸಿ 10 ನಿಮಿಷ. ತೆಗೆದು ಅಲುಗಿಸದೆ ಇಡಿ, ಮುಚ್ಚಳವನ್ನು ಮತ್ತೆ ಬಿಗಿ ಮಾಡಲು ಹೋಗಬೇಡಿ. ತಣಿಯುವಾಗ ಟಕ್ ಎಂದು ಸದ್ದಾಗಿ ಮುಚ್ಚಳದ ನಡು ಒಳಗೆ ಇಳಿಯುತ್ತದೆ. ಮರುದಿನ ಬೆರಳಿಟ್ಟು ಒತ್ತಿದರೆ ಅಲುಗಬಾರದು. ಅಲುಗಿದ್ದನ್ನು ಫ್ರಿಜ್ಜಿನಲ್ಲಿಟ್ಟು ಮೊದಲು ಮುಗಿಸಿ.

ಇಷ್ಟನ್ನೂ ಹೇಳಿದ ಮೇಲೆ ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಉಳಿದ ಐದೂ ಬಿಸಾಡುದಾ? ಮೂರರ ಮುಚ್ಚಳ ಸರಿ ಉಂಟಲ್ಲ." ಬಿಸಾಡಲೇಬೇಕು. ಒಂದೇ ಹಣ್ಣು, ಒಂದೇ ಪಾಕ, ಒಂದೇ ಕುದಿ. ತೆರೆಯದವನ್ನು ದಪ್ಪ ಚೀಲದಲ್ಲಿ ಕಟ್ಟಿದೆವು. ತೆರೆದದ್ದನ್ನು ಹಾಗೆಯೇ ಎಸೆಯಬಾರದು, ನಾಯಿಯೋ ಬೆಕ್ಕೋ ಬಾಯಿ ಹಾಕುತ್ತದೆ. ಕೈಗೆ ಗ್ಲೌಸ್ ಹಾಕಿ ಬಾಟಲಿ, ಮುಚ್ಚಳ, ಹಣ್ಣು ಎಲ್ಲವನ್ನೂ ಹಳೆಯ ಪಾತ್ರೆಯಲ್ಲಿ ನೀರಿನೊಳಗೆ ಮುಳುಗಿಸಿ ಒಲೆಗೆ ಇಟ್ಟೆವು. ಅಕ್ಕ ಕೇಳಿದ ಕುದಿ ಕೊನೆಗೂ ಬಂತು, ಅರ್ಧ ಗಂಟೆ, ಎಸೆಯುವುದಕ್ಕೆ. ಕಲ್ಲನ್ನು ಬ್ಲೀಚಿಂಗ್ ನೀರಿನಿಂದ ತೊಳೆದು, ಒರೆಸಿದ ಬಟ್ಟೆಯನ್ನೂ ಚೀಲಕ್ಕೆ ಹಾಕಿದರು.

ಹಿತ್ತಿಲ ಜಗಲಿಯಲ್ಲಿ ಇನ್ನೊಂದು ಹಲಸಿನ ಹಣ್ಣು ಇತ್ತು, ಮೆತ್ತನೆ ಸೊಳೆಯ ತುಳುವ. ಸಾಯಂಕಾಲ ಅದನ್ನು ಕೊಯ್ದು, ನಾರು ತೆಗೆದು ರುಬ್ಬಿ, ಕಿಲೋ ತಿರುಳಿಗೆ ಅರ್ಧ ಕಿಲೋ ಬೆಲ್ಲದ ಲೆಕ್ಕದಲ್ಲಿ ಉರುಳಿಗೆ ಹಾಕಿದರು. ಸಿಡಿಯುವ ಕಾರಣ ಉದ್ದ ಹಿಡಿಯ ಸಟ್ಟುಗ. ಎರಡು ಗಂಟೆ ಕಳೆದ ಮೇಲೆ ಸಟ್ಟುಗದಿಂದ ತಳದಲ್ಲಿ ಒಂದು ಗೆರೆ ಎಳೆದು ನನ್ನನ್ನು ಕರೆದರು. ಗೆರೆ ಮುಚ್ಚಿಕೊಂಡಿತು. ಬೆಂಕಿ ಸಣ್ಣ ಮಾಡಿ ಮತ್ತೆ ಮಗುಚತೊಡಗಿದರು.