ಪೊರಕೆ ಕಡ್ಡಿಯಿಂದ ಸ್ಟಾರ್ಟ್ ಆಗುತ್ತಿದ್ದ ಫ್ಯಾನು

ಎರಡು ತಿಂಗಳಿಂದ ನಮ್ಮ ಬಾತ್‌ರೂಮಿನ ಶೆಲ್ಫಿನಲ್ಲಿ ಸೋಪು, ಶಾಂಪೂ ಜೊತೆಗೆ ಒಂದು ಪೊರಕೆ ಕಡ್ಡಿಯೂ ಇತ್ತು. ಎಕ್ಸಾಸ್ಟ್ ಫ್ಯಾನಿನ ಸ್ವಿಚ್ ಹಾಕಿದರೆ ಗುಂಯ್ ಅನ್ನೋದು, ಆದರೆ ತಿರುಗುತ್ತಿರಲಿಲ್ಲ. ಆಗ ಸ್ಟೂಲ್ ಹತ್ತಿ, ಕಡ್ಡಿಯನ್ನು ಗ್ರಿಲ್ ಸಂದಿಯಲ್ಲಿ ತೂರಿಸಿ, ರೆಕ್ಕೆಯನ್ನು ಬಲಕ್ಕೆ ಒಂದು ಸಲ ತಳ್ಳಿದರೆ ಸಾಕು, ಏನೂ ಆಗಿಲ್ಲ ಅನ್ನೋ ಹಾಗೆ ಓಡೋದು. ಮನೆಗೆ ಬಂದ ನೆಂಟರಿಗೂ ಈ ವಿಧಾನ ಹೇಳಿಕೊಟ್ಟು ಒಳಗೆ ಕಳಿಸುತ್ತಿದ್ದೆವು. ನಾಚಿಕೆಗೇಡು, ಆದರೆ ಕೆಲಸ ನಡೀತಿತ್ತಲ್ಲ.

ಆಮೇಲೆ ಒಂದು ದಿನ ಯಾರೋ ಕಡ್ಡಿ ಆಡಿಸೋದು ಮರೆತು ಸ್ವಿಚ್ ಹಾಕಿ ಬಂದರು. ಯಾರೋ ಅಂದರೆ ನಾನೇ. ಗುಂಯ್ ಅಂತ ಒಂದು ಗಂಟೆ ನಿಂತಲ್ಲೇ ನಿಂತು, ಮೋಟರು ಕಾದು, ವಾರ್ನಿಷ್ ಸುಟ್ಟ ವಾಸನೆ ಹಜಾರದವರೆಗೆ ಬಂತು. ಮರುದಿನ ಆ ಗುಂಯ್ ಕೂಡ ಇಲ್ಲ.

"ಹೊಸದು ತಂದುಬಿಡೋಣ, ಎಷ್ಟಾಗುತ್ತೆ ಮಹಾ" ಅಂದರು ನಮ್ಮ ಮನೆಯವರು. ಅವರು ಹೇಳಿದ್ದು ತಪ್ಪೇನಲ್ಲ. 6 ಇಂಚಿನ ಪ್ಲಾಸ್ಟಿಕ್ ಫ್ಯಾನು ಈಗ ಯಾವ ಎಲೆಕ್ಟ್ರಿಕಲ್ ಅಂಗಡಿಯಲ್ಲಾದರೂ ಸಿಗುತ್ತೆ. ಕಷ್ಟ ಇರೋದು ಫ್ಯಾನಿನಲ್ಲಲ್ಲ, ಗೋಡೆಯ ತೂತಿನಲ್ಲಿ. ಈ ಮನೆ ಮಾವ ಕಟ್ಟಿಸಿದ್ದು 1998ರಲ್ಲಿ, ಫ್ಯಾನಿಗೂ ಅಷ್ಟೇ ವಯಸ್ಸು. ಅದರ ಕಬ್ಬಿಣದ ಚೌಕಟ್ಟನ್ನು ಸಿಮೆಂಟ್ ಹಾಕಿ ಗೋಡೆಗೇ ಕೂರಿಸಿದ್ದಾರೆ. ಆಮೇಲೆ ಟೈಲ್ಸ್ ಹಾಕಿಸಿದಾಗ ಚೌಕಟ್ಟಿನ ಅಂಚು ಟೈಲ್ ಕೆಳಗೆ ಹೋಗಿದೆ. ಹೊಸ ಫ್ಯಾನುಗಳ ಅಳತೆ ಬೇರೆ, ಕೂರೋ ರೀತಿ ಬೇರೆ. ಅಂದರೆ ಗಾರೆಯವರನ್ನು ಕರೆಸಬೇಕು, ನಾಲ್ಕು ಟೈಲ್ ಒಡೆಯಬೇಕು, ಆ ಬಣ್ಣದ ಟೈಲ್ ಈಗ ಎಲ್ಲೂ ಸಿಗಲ್ಲ, ಅದಕ್ಕೆ ಆ ಇಡೀ ಗೋಡೆ... ಅಲ್ಲಿಗೆ ನಾನು ಸ್ಕ್ರೂಡ್ರೈವರ್ ಹುಡುಕಲು ಹೋದೆ. ದುಡ್ಡು ಉಳಿಸೋ ಆಸೆ ಅಲ್ಲ, ಗಾರೆ ಕೆಲಸದ ಭಯ.

ಬಿಚ್ಚೋ ಮೊದಲು ಒಂದು ವಿಷಯ ಹೇಳಬೇಕು. ಸ್ವಿಚ್ ಆಫ್ ಮಾಡಿ, ಯಾತಕ್ಕೂ ಇರಲಿ ಅಂತ ವೈರಿಗೆ ಟೆಸ್ಟರ್ ಇಟ್ಟೆ. ದೀಪ ಹತ್ತಿತು! ಹಳೇ ಮನೆಗಳಲ್ಲಿ ಹೀಗೆ ಆಗುತ್ತೆ. ವೈರಿಂಗ್ ಮಾಡಿದವರು ಸ್ವಿಚ್ಚನ್ನು ಕರೆಂಟ್ ಬರುವ ಫೇಸ್ ವೈರಿನಲ್ಲಿ ಹಾಕುವ ಬದಲು ವಾಪಸ್ ಹೋಗುವ ನ್ಯೂಟ್ರಲ್‌ನಲ್ಲಿ ಹಾಕಿರುತ್ತಾರೆ. ಆಫ್ ಮಾಡಿದರೆ ಫ್ಯಾನು ನಿಲ್ಲುತ್ತೆ, ಆದರೆ ಮೋಟರಿನವರೆಗೂ ಕರೆಂಟ್ ಇದ್ದೇ ಇರುತ್ತೆ. ಎರಡು ತಿಂಗಳು ಒದ್ದೆ ಕೈಯಲ್ಲಿ ಅದೇ ಫ್ಯಾನಿಗೆ ಕಡ್ಡಿ ಆಡಿಸಿದ್ದು ನೆನೆದು ಸ್ಟೂಲಿನಿಂದ ಇಳಿದು ಒಂದು ಲೋಟ ನೀರು ಕುಡಿದೆ. ಇಡೀ ಲೈನಿನ ಕರೆಂಟ್ ಕಡಿಯುವ ಎಂಸಿಬಿ ಆಫ್ ಮಾಡಿ ಮತ್ತೆ ಟೆಸ್ಟರ್ ಇಟ್ಟು ನೋಡಿದ ಮೇಲೇ ಕೈ ಹಾಕಿದ್ದು.

ಕೆಳಗಿಳಿಸಿದ ಫ್ಯಾನಿನ ವರ್ಣನೆ ಬೇಡ. ಕೂದಲು, ಜೇಡರ ಬಲೆ, ಸೋಪಿನ ಜಿಡ್ಡು ಎಲ್ಲ ಸೇರಿ ರೆಕ್ಕೆ ಮೇಲೆ ಬೂದು ಬಣ್ಣದ ಕಂಬಳಿ ಹೊದಿಸಿದ ಹಾಗಿತ್ತು. ರೆಕ್ಕೆಯ ಒಂದು ಸಣ್ಣ ಸ್ಕ್ರೂ ಬಿಚ್ಚಿ ಎಳೆದರೆ ಬರಲ್ಲ, ತುಕ್ಕು. ತುಕ್ಕು ಸಡಿಲಿಸೋ ಡಬ್ಲ್ಯೂಡಿ-40 ಸ್ಪ್ರೇ ಹೊಡೆದು ರಾತ್ರಿಯೆಲ್ಲ ಬಿಟ್ಟೆ, ಬೆಳಗ್ಗೆ ತಿರುಚಿ ತಿರುಚಿ ತೆಗೆದೆ. ಮೋಟರಿಗೆ ಮಲ್ಟಿಮೀಟರ್ ಇಟ್ಟರೆ ಯಾವ ಓದೂ ಇಲ್ಲ, ಒಳಗಿನ ತಂತಿ ಸುರುಳಿ, ಅಂದರೆ ಕಾಯಿಲ್, ಎಲ್ಲೋ ಕಡಿದಿರಬೇಕು. ರೆಕ್ಕೆ ಕೂರುವ ನಡುವಿನ ಸರಳನ್ನು, ಅಂದರೆ ಶಾಫ್ಟನ್ನು, ಕೈಯಲ್ಲಿ ತಿರುಗಿಸಿದರೆ ಗೋಂದಿನಲ್ಲಿ ತಿರುಗಿಸಿದ ಹಾಗೆ ಬಿಗಿ.

ಗೋಂದು ಯಾಕೆ ಅಂತ ಅತ್ತೆಯನ್ನು ಕೇಳಿದೆ. "ಕಿರ್ ಅಂತಿತ್ತು ಕಣಮ್ಮ, ಕೊಬ್ಬರಿ ಎಣ್ಣೆ ಬಿಟ್ಟಿದ್ದೆ" ಅಂದರು. ನಮ್ಮನೆಯಲ್ಲಿ ಬಾಗಿಲ ಕೀಲು, ಕಬ್ಬಿಣದ ಬೀರು, ಹೊಲಿಗೆ ಮೆಷಿನ್ ಎಲ್ಲಕ್ಕೂ ಅದೇ ಔಷಧ. ಆದರೆ ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತೆ, ಬೆಂಗಳೂರಿನ ಡಿಸೆಂಬರ್ ಬೆಳಗ್ಗೆ ಅದಕ್ಕಿಂತ ತುಂಬಾನೇ ತಣ್ಣಗಿರುತ್ತೆ, ತಲೆಗೆ ಹಚ್ಚೋ ಬಾಟಲಿಯನ್ನೇ ಬಿಸಿನೀರಲ್ಲಿ ಇಟ್ಟು ಕರಗಿಸುತ್ತೇವೆ ಅಲ್ವಾ, ಹಾಗಿರುವಾಗ ಶಾಫ್ಟಿನ ತುದಿ ಕೂತು ತಿರುಗುವ ಬುಷ್‌ನೊಳಗೆ ಹೋದ ಎಣ್ಣೆ ಏನು ಮಾಡೀತು. ಬಿಸಿಯಾದಾಗ ಕರಗಿ, ತಣ್ಣಗಾದಾಗ ಗಟ್ಟಿಯಾಗಿ, ಧೂಳು ಹಿಡಿದು, ಕೊನೆಗೆ ಅಂಟಾಗಿ ಕೂತಿದೆ. ನಮ್ಮ ಕಡ್ಡಿ ಪ್ರಯೋಗ ಶುರುವಾಗಿದ್ದೂ ಚಳಿಗಾಲದಲ್ಲೇ. ಅತ್ತೆಗೆ ಇದನ್ನು ಹೇಳಲಿಲ್ಲ. ನಾನೂ ಎಣ್ಣೆ ಹಾಕಿರಲಿಲ್ಲವಲ್ಲ, ಅವರಾದರೂ ಏನೋ ಒಂದು ಹಾಕಿದ್ದರು.

ಇನ್ನು ಕಡ್ಡಿಯಿಂದ ತಳ್ಳಿದರೆ ಯಾಕೆ ಓಡುತ್ತಿತ್ತು ಅನ್ನೋದು. ಬಿಚ್ಚಿ ನೋಡಿದಾಗಲೇ ನನಗೆ ಸರಿಯಾಗಿ ಗೊತ್ತಾಗಿದ್ದು. ಇಂಥ ಸಣ್ಣ ಮೋಟರಿನಲ್ಲಿ ಸೀಲಿಂಗ್ ಫ್ಯಾನಿನ ಹಾಗೆ ಹೊರಡೋಕೆ ನೆರವಾಗುವ ಕಪಾಸಿಟರ್ ಇರಲ್ಲ. ಒಂದೇ ಕಾಯಿಲ್, ಕಬ್ಬಿಣದ ತಗಡುಗಳ ಒಂದು ಕಟ್ಟು, ನಡುವೆ ಶಾಫ್ಟಿನ ಜೊತೆ ತಿರುಗುವ ರೋಟರ್. ರೋಟರಿನ ಎರಡೂ ಪಕ್ಕ, ಕಟ್ಟಿನ ಒಂದೊಂದು ಮೂಲೆಗೆ ದಪ್ಪ ತಾಮ್ರದ ಬಳೆ ತೊಡಿಸಿರುತ್ತಾರೆ. ಅದಕ್ಕೆ ಎಲ್ಲಿಂದಲೂ ವೈರ್ ಇಲ್ಲ, ಸುಮ್ನೆ ಬಳೆ. ಬಳೆ ಇರುವ ಮೂಲೆಯಲ್ಲಿ ಅಯಸ್ಕಾಂತದ ಬಲ ಒಂಚೂರು ತಡವಾಗಿ ಏರುತ್ತೆ. ಹಾಗಾಗಿ ಬಲ ಬಳೆ ಇಲ್ಲದ ಕಡೆಯಿಂದ ಬಳೆ ಇರುವ ಕಡೆಗೆ ಸರಿದ ಹಾಗಾಗುತ್ತೆ, ರೋಟರ್ ಅದರ ಹಿಂದೆ ಓಡುತ್ತೆ. ಶೇಡೆಡ್ ಪೋಲ್ ಮೋಟರ್ ಅಂತ ಹೆಸರು. ಅಗ್ಗ, ಸರಳ, ಆದರೆ ಹೊರಡುವಾಗ ಶಕ್ತಿ ತೀರಾ ಕಮ್ಮಿ. ಬುಷ್ ಸ್ವಲ್ಪ ಬಿಗಿಯಾದರೂ ಸಾಕು, ಎದ್ದು ನಿಲ್ಲೋಕೆ ಆಗದೆ ಗುಂಯ್ ಅಂತ ಕೂರುತ್ತೆ. ಕಡ್ಡಿಯಿಂದ ನಾವು ಮಾಡುತ್ತಿದ್ದದ್ದು ಕೈಹಿಡಿದು ಎಬ್ಬಿಸೋ ಕೆಲಸ. ತಿರುಗದೆ ನಿಂತರೆ ಗಾಳಿಯೂ ಇಲ್ಲ, ಕಾಯಿಲ್ ಕಾಯುತ್ತಲೇ ಹೋಗುತ್ತೆ. ಈ ಬಳೆ ವಿಷಯ ನೆನಪಿಡಿ, ಮುಂದೆ ಮತ್ತೆ ಬರುತ್ತೆ.

ಶನಿವಾರ ಮೆಟ್ರೋ ಹತ್ತಿ ಚಿಕ್ಕಪೇಟೆಯಲ್ಲಿ ಇಳಿದು, ಎಲೆಕ್ಟ್ರಿಕಲ್ ಬಿಡಿಭಾಗದ ಅಂಗಡಿಗಳಿರುವ ಎಸ್.ಪಿ. ರೋಡಿಗೆ ಹೋದೆ. ಭಾನುವಾರ ಹೋದರೆ ಬಹಳಷ್ಟು ಅಂಗಡಿಗಳ ಶಟರ್ ಎಳೆದಿರುತ್ತೆ, ಹಿಂದೊಮ್ಮೆ ಹೋಗಿ ಬರಿಗೈಲಿ ಬಂದಿದ್ದೇನೆ. ಮೊದಲು ಮೋಟರಿಗೆ ತಂತಿ ಸುತ್ತಿಕೊಡುವ ವೈಂಡಿಂಗ್ ಅಂಗಡಿ. ಅಲ್ಲಿದ್ದವರು ಕಾಯಿಲ್ ಮೇಲಿನ ಟೇಪ್ ಸರಿಸಿ ಒಂದು ಸಣ್ಣ ಬಿಳಿ ತುಂಡು ತೋರಿಸಿದರು. "ನೋಡಿ ಮೇಡಂ, ಒಳಗಿನ ಫ್ಯೂಸ್ ಹೋಗಿದೆ. ಇದನ್ನ ಕಿತ್ತು ನೇರ ಜಾಯಿಂಟ್ ಕೊಡ್ಲಾ? ಓಡುತ್ತೆ." ಬೇಡ ಅಂದೆ. ಮೋಟರು ಅತಿಯಾಗಿ ಕಾದಾಗ ಕರೆಂಟ್ ಕಡಿಯಲಿ ಅಂತಲೇ ಅದನ್ನು ಇಟ್ಟಿರೋದು, ಅದು ಒಂದು ಸಲಕ್ಕೆ ಮಾತ್ರ, ಮತ್ತೆ ತಾನಾಗಿ ಕೂಡಿಕೊಳ್ಳಲ್ಲ. ಅವತ್ತು ಅದು ಹೋಗದೆ ಇದ್ದಿದ್ದರೆ ಬರೀ ವಾಸನೆಗೆ ಮುಗೀತಿತ್ತಾ? ತಂತಿಯ ವಾರ್ನಿಷ್ ಕೂಡ ಕಂದು ಬಣ್ಣಕ್ಕೆ ತಿರುಗಿತ್ತು. ಹಾಗಾದರೆ ಪೂರ್ತಿ ವೈಂಡಿಂಗ್ ಮಾಡಿಸೋಣ ಅಂದರೆ, "ಅಯ್ಯೋ, ಇದರ ಕೂಲಿಗೆ ಹೊಸ ಮೋಟರೇ ಬರುತ್ತೆ ಬಿಡಿ" ಅಂತ ಅವರೇ ಪಕ್ಕದ ಓಣಿಗೆ ದಾರಿ ತೋರಿಸಿದರು. ಒಳ್ಳೇ ಮನುಷ್ಯ.

ಅಲ್ಲಿ ಮೊದಲ ಪ್ರಶ್ನೆ: "ಸ್ಯಾಂಪಲ್ ತಂದಿದೀರಾ?" ತಂದಿದ್ದೆ. ಹೆಸರು, ಮಾಡೆಲ್ ಇವೆಲ್ಲ ಯಾರಿಗೂ ಬೇಡ. ಹಳೇ ಮೋಟರನ್ನೂ ರೆಕ್ಕೆಯನ್ನೂ ಎರಡೂ ತಗೊಂಡು ಹೋಗಿ. ಶಾಫ್ಟ್ ದಪ್ಪ 6 ಎಂಎಂ ಅಂತ ನಾನು ಸ್ಕೇಲಿನಲ್ಲಿ ಅಳೆದಿದ್ದೆ, ಅಂಗಡಿಯವರು ರೆಕ್ಕೆಯನ್ನು ನೇರವಾಗಿ ಹೊಸ ಶಾಫ್ಟಿಗೆ ಹಾಕಿ ನೋಡಿದರು, ಅದೇ ಸರಿಯಾದ ಅಳತೆ. ಶಾಫ್ಟಿನ ಉದ್ದ, ಅದರ ಒಂದು ಪಕ್ಕ ಚಪ್ಪಟೆ ಇದೆಯಾ, ಕೂರಿಸುವ ಎರಡು ತೂತುಗಳ ನಡುವಿನ ದೂರ, 230 ವೋಲ್ಟ್, ಎಲ್ಲ ಹೊಂದಿತು. ಕೊನೆಗೆ ಕೇಳಿದರು, "ಬಲಕ್ಕಾ, ಎಡಕ್ಕಾ?"

ಇದು ನನಗೆ ಚೆನ್ನಾಗಿ ಗೊತ್ತು ಅಂದುಕೊಂಡೆ. ಎರಡು ತಿಂಗಳು ಕಡ್ಡಿ ಆಡಿಸಿದ ಕೈ ಇದು. ಆದರೆ ಆಗ ಮೋಟರು ಕೌಂಟರ್ ಮೇಲೆ ಬೆನ್ನು ನನ್ನ ಕಡೆ ಮಾಡಿ ಕೂತಿತ್ತು. ಶಾಫ್ಟ್ ಕಡೆಯಿಂದ ನೋಡಿದರೆ ಬಲ, ಬೆನ್ನ ಕಡೆಯಿಂದ ನೋಡಿದರೆ ಎಡ. ಮನಸ್ಸಿನಲ್ಲೇ ಲೆಕ್ಕ ಹಾಕಿ "ಎಡಕ್ಕೆ" ಅಂದೆ. ಅಂಗಡಿಯವರು ಕೇಳಿದ್ದು ಶಾಫ್ಟ್ ಕಡೆಯಿಂದ. ಅಲ್ಲಿ ಎಲ್ಲರೂ ಹಾಗೇ ಹೇಳೋದು. 380 ರೂಪಾಯಿ ಕೊಟ್ಟು ಖುಷಿಯಾಗಿ ಬಂದೆ.

ಭಾನುವಾರ ರೆಕ್ಕೆಯನ್ನು ವಾಷಿಂಗ್ ಸೋಡಾ ನೀರಲ್ಲಿ ನೆನೆಸಿ ತೊಳೆದು, ಮೋಟರ್ ಕೂರಿಸಿ, ಹಳೇದಕ್ಕೆ ಇಲ್ಲದೇ ಇದ್ದ ಅರ್ಥಿಂಗ್ ವೈರನ್ನೂ ಚೌಕಟ್ಟಿಗೆ ಕೊಟ್ಟೆ. ಗೀಸರಿಗೆ ಬಂದ ಅರ್ಥಿಂಗ್ ಪಕ್ಕದಲ್ಲೇ ಇತ್ತು. ಸ್ವಿಚ್ಚನ್ನೂ ಫೇಸ್‌ಗೆ ಬದಲಾಯಿಸಿದೆ. ಆನ್ ಮಾಡಿದರೆ ಸರ್ರಂತ ತಿರುಗಿತು. ಎಲ್ಲರೂ ಬಾಗಿಲಲ್ಲಿ ನಿಂತು ನೋಡಿದರು. ಅತ್ತೆ ಊದುಬತ್ತಿ ಹಚ್ಚಿಕೊಂಡು ಬಂದರು, ಪೂಜೆಗಾ ಪರೀಕ್ಷೆಗಾ ಗೊತ್ತಿಲ್ಲ. ಹೊಗೆ ಫ್ಯಾನಿನ ಕಡೆ ಹೋಗುವ ಬದಲು ನೇರವಾಗಿ ನನ್ನ ಮುಖಕ್ಕೆ ಬಂತು.

ಫ್ಯಾನು ಹೊರಗಿನ ಗಾಳಿಯನ್ನು ಒಳಗೆ ತಳ್ಳುತ್ತಿತ್ತು.

ನಮ್ಮ ಮನೆಯವರು "ಎರಡು ವೈರ್ ಅದಲು ಬದಲು ಮಾಡು" ಅಂದರು. ಆಗಲ್ಲ ಅಂತ ಗೊತ್ತಿದ್ದರೂ ಅವರ ಸಮಾಧಾನಕ್ಕೆ ಮಾಡಿದೆ. ಬ್ಯಾಟರಿಯ ಆಟಿಕೆ ಮೋಟರಿಗೆ ಅದು ಸರಿ. ಇಲ್ಲಿ ಕರೆಂಟೇ ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಆಡುತ್ತೆ, ಯಾವ ವೈರ್ ಎಲ್ಲಿ ಕೊಟ್ಟರೂ ಒಂದೇ. ದಿಕ್ಕು ತೀರ್ಮಾನ ಮಾಡೋದು ಆ ತಾಮ್ರದ ಬಳೆ. ಬಳೆಯನ್ನು ಬದಲಿಸೋಕೆ ಆಗಲ್ಲ, ಆದರೆ ರೋಟರನ್ನು ತಿರುಗಿಸಿ ಹಾಕಬಹುದಲ್ಲ! ಶಾಫ್ಟ್ ಮೋಟರಿನ ಆ ಕಡೆಯಿಂದ ಹೊರಗೆ ಬರುವ ಬದಲು ಈ ಕಡೆಯಿಂದ ಬಂದರೆ, ಅಯಸ್ಕಾಂತದ ಬಲ ಸರಿಯೋದು ಅದೇ ದಿಕ್ಕಿಗೆ, ನಾವು ನೋಡೋ ಕಡೆ ಬೇರೆ. ಎಡ ಇದ್ದದ್ದು ಬಲ ಆಗುತ್ತೆ.

ಮತ್ತೆ ಎಂಸಿಬಿ ಆಫ್, ಮತ್ತೆ ಸ್ಟೂಲ್. ಹಿಂದೆ ಮುಂದೆ ಬುಷ್ ಹಿಡಿದಿರುವ ಎರಡು ಪಟ್ಟಿಗಳಿವೆ, ಎರಡು ಉದ್ದದ ಸ್ಕ್ರೂ ಬಿಚ್ಚಿದರೆ ಬಂದವು. ರೋಟರಿನ ಎರಡೂ ತುದಿಯಲ್ಲಿ ತೆಳ್ಳನೆ ವಾಷರುಗಳಿರುತ್ತವೆ, ಯಾವುದು ಎಲ್ಲಿತ್ತು ಅಂತ ಫೋಟೋ ತೆಗೆದುಕೊಂಡೆ, ಆದರೂ ಒಂದು ಉರುಳಿ ಬಚ್ಚಲ ತೂತಿನ ಜಾಲರಿ ಮೇಲೆ ನಿಂತಿತು, ದೇವರು ದೊಡ್ಡವನು. ರೋಟರ್ ತಿರುಗಿಸಿ, ಪಟ್ಟಿಗಳನ್ನೂ ಅದಲು ಬದಲು ಮಾಡಿ ಸ್ಕ್ರೂ ಬಿಗಿದರೆ ಶಾಫ್ಟ್ ಬಿಗಿಯಾಗಿ ಕೂತು ತಿರುಗಲೇ ಇಲ್ಲ. ಇಲ್ಲಿ ಅವಸರ ಮಾಡಬಾರದು. ಎರಡೂ ಸ್ಕ್ರೂಗಳನ್ನು ಅರ್ಧರ್ಧ ಸುತ್ತು ಬಿಗಿಯುತ್ತಾ, ಶಾಫ್ಟನ್ನು ಬೆರಳಲ್ಲಿ ತಿರುಗಿಸುತ್ತಾ, ಸ್ಕ್ರೂಡ್ರೈವರ್ ಹಿಡಿಯಿಂದ ಪಟ್ಟಿಗೆ ಮೆಲ್ಲಗೆ ತಟ್ಟುತ್ತಾ ಹೋಗಬೇಕು. ಬುಷ್ ತನ್ನ ಜಾಗ ತಾನೇ ಹುಡುಕಿಕೊಳ್ಳುತ್ತೆ, ಆಗ ಶಾಫ್ಟ್ ಒಮ್ಮೆಲೇ ಹಗುರವಾಗುತ್ತೆ. ಆ ಕ್ಷಣ ಬೆರಳಿಗೇ ಗೊತ್ತಾಗುತ್ತೆ, ಬರೆದು ಹೇಳೋದು ಕಷ್ಟ. ವೈರು ಈಗ ಇನ್ನೊಂದು ಪಕ್ಕಕ್ಕೆ ಬಂದಿದ್ದರಿಂದ ಒಂದು ಗೇಣು ಜೋಡಿಸಬೇಕಾಯಿತು, ಅಷ್ಟೇ.

ಎರಡನೇ ಊದುಬತ್ತಿಯ ಹೊಗೆ ಸೀದಾ ಗ್ರಿಲ್ ಒಳಗೆ ಹೋಯಿತು. ಬಾಗಿಲು ಪೂರ್ತಿ ಮುಚ್ಚಿದರೆ ಮಾತ್ರ ಹೊಗೆ ಸ್ವಲ್ಪ ಸೋಮಾರಿಯಾಗುತ್ತಿತ್ತು. ಗಾಳಿ ಹೊರಗೆ ಹೋಗಬೇಕಾದರೆ ಒಳಗೆ ಬರೋಕೂ ದಾರಿ ಬೇಕು, ನಾವು ಜಿರಳೆ ಬರದಿರಲಿ ಅಂತ ಬಾಗಿಲ ಕೆಳಗೆ ರಬ್ಬರ್ ಪಟ್ಟಿ ಅಂಟಿಸಿದ್ದೆವು. ಅದನ್ನು ಕಿತ್ತೆ. ಜಿರಳೆ ವಿಷಯ ಆಮೇಲೆ ನೋಡೋಣ.

ಈಗ ಗ್ರಿಲ್‌ನ ಒಳಬದಿಯಲ್ಲಿ ಮಾರ್ಕರಿನಿಂದ ತಾರೀಖು ಬರೆದಿದ್ದೇನೆ, ಪಕ್ಕದಲ್ಲೇ "ಮೆಷಿನ್ ಎಣ್ಣೆ, 2 ಹನಿ" ಅಂತ. ಹೊಲಿಗೆ ಮೆಷಿನ್ ಎಣ್ಣೆಯ ಪುಟ್ಟ ಬಾಟಲಿ ಕೊಬ್ಬರಿ ಎಣ್ಣೆ ಬಾಟಲಿಯ ಮುಂದೆ ಇಟ್ಟಿದ್ದೇನೆ, ಕೈಗೆ ಅದೇ ಮೊದಲು ಸಿಗಲಿ ಅಂತ. ಕನ್ನಡಿ ಮೇಲಿನ ಹಬೆ ಐದು ನಿಮಿಷದಲ್ಲಿ ಹೋಗುತ್ತಿದೆ. ಚಾವಣಿ ಮೂಲೆಯ ಬೂಷ್ಟು ಮಾತ್ರ ಹಾಗೇ ಇದೆ, ಅದನ್ನು ಉಜ್ಜಿಯೇ ತೆಗೀಬೇಕು. ಆ ಕೆಲಸ ನಮ್ಮ ಮನೆಯವರದ್ದು ಅಂತ ತೀರ್ಮಾನವಾಗಿ ಎರಡು ಭಾನುವಾರ ಆಯಿತು.