ಮೂರನೇ ಸಿಲಿಂಡರ್

ಮಂಡ್ಯ, 16 ನವೆಂಬರ್ 2025, ಭಾನುವಾರ ರಾತ್ರಿ

ಅಪ್ಪನ ಕಾರಿನ ಮೂರನೇ ಸಿಲಿಂಡರಿನ ಒತ್ತಡ 138 ಪಿಎಸ್ಐ. ಮಿಕ್ಕ ಮೂರೂ 175ರಿಂದ 178ರ ಒಳಗೆ. ಬೆಳಗ್ಗೆಯಿಂದ ತಲೆಯಲ್ಲಿ ಇದೇ ಲೆಕ್ಕ.

ಮೈಸೂರು ಬನ್ನಿಮಂಟಪದ ಮೇಸ್ತ್ರಿ ಹತ್ರ ಹೋಗುವಾಗ ನನ್ನ ಪುಸ್ತಕ ಹಿಡಿದುಕೊಂಡೇ ಹೋಗಿದ್ದೆ. ಒಂದು ವರ್ಷದಿಂದ ಬರೆದಿರೋದು. ನಾಲ್ಕು ಸಿಲಿಂಡರಿನ ಹೊಗೆಯನ್ನ ಎರಡು, ಆಮೇಲೆ ಒಂದು ಪೈಪಿಗೆ ಸೇರಿಸೋ 4-2-1 ಹೆಡರ್, ದಪ್ಪ ಎಕ್ಸಾಸ್ಟ್ ಪೈಪು, ವಾಲ್ವು ತೆರೆಯೋ ಉಬ್ಬಿನ ದಂಡ ಅಂದ್ರೆ ಬೇರೆ ಕ್ಯಾಮ್, ಎಂಜಿನ್ನಿನ ಕಂಪ್ಯೂಟರ್ (ಇಸಿಯು) ಜೊತೆಗೆ ಕೂರಿಸೋ ಪಿಗ್ಗಿಬ್ಯಾಕ್ ಇಸಿಯು, ಕೊನೇ ಪುಟದಲ್ಲಿ ಎಂಜಿನ್ನೊಳಗೆ ಜಾಸ್ತಿ ಗಾಳಿ ತುರುಕೋ ಒಂದು ಸಣ್ಣ ಟರ್ಬೊ. ಅಪ್ಪನ ಹೋಂಡಾ ಸಿಟಿ ವಿಟೆಕ್ 2002ರ ಗಾಡಿ. ಅದನ್ನ 130 ಕುದುರೆ ಶಕ್ತಿಗೆ ತರಬೇಕು ಅನ್ನೋದು ನನ್ನ ಆಸೆ.

ಮೇಸ್ತ್ರಿ ಎರಡು ಪುಟ ಓದಿ, ಪುಸ್ತಕ ಮುಚ್ಚಿ ಬೆಂಚಿನ ಮೇಲಿಟ್ರು. "ಈಗ ಎಷ್ಟೈತೆ?"

"106."

"ಅದು ಕಂಪನಿಯೋರು ಬರೆದಿದ್ದು ಕಣವ್ವ. ಇವತ್ತು ಎಷ್ಟೈತೆ?"

ಉತ್ತರ ನನ್ನ ಹತ್ರ ಇರಲಿಲ್ಲ.

ಅವರು ಯಾದವಗಿರಿ ಜಾವಾ ಬೈಕ್ ಫ್ಯಾಕ್ಟರಿಯಲ್ಲಿದ್ದೋರು, 1996ರಲ್ಲಿ ಮುಚ್ಚೋವರೆಗೂ. ಹೆಚ್ಚು ಮಾತಿಲ್ಲ. ನಾಲ್ಕೂ ಪ್ಲಗ್ ಬಿಚ್ಚಿದ್ರು, ಪೆಟ್ರೋಲ್ ಪಂಪಿನ ರಿಲೇ ತೆಗೆದ್ರು, ಮೊದಲನೇ ತೂತಿಗೆ ಒತ್ತಡ ಅಳೆಯೋ ಗೇಜ್ ತಿರುಗಿಸಿ "ಆಕ್ಸಿಲರೇಟರ್ ಪೂರ್ತಿ ತುಳಿದು ಸೆಲ್ಫ್ ಹೊಡಿ" ಅಂದ್ರು. ಪ್ಲಗ್ ಇಲ್ಲದ ಎಂಜಿನ್ನು ಏದುಸಿರು ಬಿಟ್ಟಂಗೆ ಉಸ್ ಉಸ್ ಅಂತ ತಿರುಗಿತು. 178. ಎರಡನೇದು 175. ಮೂರನೇದಕ್ಕೆ ಮುಳ್ಳು ನಿಧಾನಕ್ಕೆ ಏರಿ 138ಕ್ಕೆ ನಿಂತೇಹೋಯ್ತು. ಇನ್ನೊಂದು ಸಲ ಹೊಡೆಸಿದ್ರು. ಅಷ್ಟೇ.

ಆಮೇಲೆ ಒಂದು ಚಮಚ ಎಂಜಿನ್ ಆಯಿಲ್ ಆ ತೂತಿಗೆ ಬಿಟ್ಟು ಮತ್ತೆ ನೋಡಿದ್ರು. 165ಕ್ಕೆ ಏರಿತು. "ವಾಲ್ವಲ್ಲ, ರಿಂಗು" ಅಂದ್ರು. ಆಯಿಲ್ ಸುರಿದಾಗ ಪಿಸ್ಟನ್ ಸುತ್ತ ರಿಂಗು ಸವೆದ ಸಂದು ಸ್ವಲ್ಪ ಹೊತ್ತು ಮುಚ್ಚುತ್ತೆ, ಒತ್ತಡ ಏರುತ್ತೆ. ವಾಲ್ವ್ ಸೋರ್ತಿದ್ರೆ ಆಯಿಲ್ ಹಾಕಿದ್ರೂ ಮುಳ್ಳು ಅಲ್ಲೇ ಇರ್ತಿತ್ತು.

ಆಗ ಹೋದ ತಿಂಗಳಿಂದು ನೆನಪಾಯ್ತು. ಈ ಎಂಜಿನ್ನಲ್ಲಿ ಐದು ಸಾವಿರ ಆರ್‌ಪಿಎಂ ಆಚೀಚೆ ಆಯಿಲ್ ಒತ್ತಡವೇ ಒಂದು ಪಿನ್ನನ್ನ ತಳ್ಳಿ, ಇನ್‌ಟೇಕ್ ವಾಲ್ವುಗಳನ್ನ ಕ್ಯಾಮ್‌ನ ಎತ್ತರದ ಉಬ್ಬಿಗೆ ಕೊಂಡಿ ಹಾಕೋದು. ವಾಲ್ವು ಜಾಸ್ತಿ ತೆರೆಯುತ್ತೆ, ಜಾಸ್ತಿ ಹೊತ್ತು ತೆರೆದಿರುತ್ತೆ, ಸದ್ದೇ ಬದಲಾಗುತ್ತೆ. ವಿಟೆಕ್ ಅಂದ್ರೆ ಇದೇ. ಅವತ್ತು ಅದು ಕೂಡಿಕೊಳ್ಳಲೇ ಇಲ್ಲ. ಡಿಪ್‌ಸ್ಟಿಕ್ ಎಳೆದ್ರೆ ಆಯಿಲ್ ಕೆಳಗಿನ ಗೆರೆಗಿಂತಲೂ ಕೆಳಗೆ. ಒಂದು ಲೀಟರ್ ಸುರಿದು ಸುಮ್ಮನಾಗಿದ್ದೆ. ಎಲ್ಲಿ ಹೋಯ್ತು ಅಂತ ಕೇಳಲೇ ಇಲ್ಲ. ಮೂರನೇ ಸಿಲಿಂಡರ್ ಅದನ್ನ ಸುಡ್ತಾ ಇತ್ತು.

ಈ ಎಂಜಿನ್ ಮೇಲೆ ಟರ್ಬೊ ಕೂರಿಸಿದ್ದಿದ್ರೆ?

ಮೇಸ್ತ್ರಿ ಬೈಯಲಿಲ್ಲ. ಟೀ ತರಿಸಿದ್ರು. ಯೆಜ್ಡಿ ಬೈಕಲ್ಲಿ ಹೊಗೆ ಹೋಗೋ ತೂತನ್ನ (ಎಕ್ಸಾಸ್ಟ್ ಪೋರ್ಟ್) ಒಂದು ಮಿಲಿಮೀಟರ್ ಮೇಲಕ್ಕೆ ಉಜ್ಜಿದ್ರೆ ಮೇಲಿನ ಓಟ ಸಿಗುತ್ತೆ, ಕೆಳಗಿನ ಎಳೆತ ಹೋಗುತ್ತೆ ಅಂದ್ರು. ಹುಡುಗ್ರು ಉಜ್ಜಿಸ್ಕೊಂಡು ಹೋಗೋರಂತೆ, ಚಾಮುಂಡಿ ಬೆಟ್ಟ ಹತ್ತಕ್ಕಾಗದೆ ವಾಪಸ್ ಬರೋರಂತೆ. "ಉಜ್ಜಿದ್ದು ಮತ್ತೆ ತುಂಬಕ್ಕಾಗಲ್ಲ ಕಣವ್ವ." ನನ್ನ ದಪ್ಪ ಪೈಪಿನದೂ ಇದೇ ಕಥೆ. ಅತಿ ದಪ್ಪ ಆದ್ರೆ ಹೊಗೆಯ ವೇಗ ಕುಗ್ಗಿ, ಊರೊಳಗೆ ಓಡಿಸುವಾಗ ಬೇಕಾದ ಎಳೆತವೇ ಹೋಗುತ್ತೆ. ಆ ಸಾಲನ್ನ ಅಲ್ಲೇ ಹೊಡೆದುಹಾಕಿದೆ. ಟರ್ಬೊ ಪುಟವನ್ನ ಹರಿಯಲಿಲ್ಲ, ಮಡಿಚಿಟ್ಟಿದ್ದೀನಿ.

ಊರಿಗೆ ಬರ್ತಾ ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರ್ರು. ಮೂರು ಸಾವಿರ ಆರ್‌ಪಿಎಂ ದಾಟಿಸದೆ ಬಂದೆ. ಅಪ್ಪ ಯಾವಾಗಲೂ ಹಂಗೇ ಓಡಿಸೋರು. 2007ರಲ್ಲಿ ಕಬ್ಬಿನ ದುಡ್ಡಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡ್ರು, ಅವತ್ತಿಂದ ಗೇರ್ ಬದಲಾಯಿಸೋದು ಮೂರು ಸಾವಿರದ ಒಳಗೇ. ಹದಿನೆಂಟು ವರ್ಷ ತಮ್ಮದೇ ಕಾರಿನ ಆ ಮೇಲಿನ ಸದ್ದನ್ನ ಅವರು ಕೇಳೇ ಇಲ್ಲ. ಈಗ ಮಂಡಿ ನೋವು, ಕ್ಲಚ್ ತುಳಿಯಕ್ಕಾಗಲ್ಲ, ಪಕ್ಕದ ಸೀಟಲ್ಲಿ ಕೂರ್ತಾರೆ. 130 ಕುದುರೆ ಯಾಕೆ ಬೇಕಿತ್ತು ನಂಗೆ? 106 ವಾಪಸ್ ಬಂದ್ರೆ, ಅಪ್ಪನ್ನ ಕೂರಿಸ್ಕೊಂಡು ಒಂದೇ ಒಂದು ಸಲ ಎರಡನೇ ಗೇರಲ್ಲಿ ಕೆಂಪು ಗೆರೆವರೆಗೂ.

ಜಗಲಿ ಮೇಲೆ ಎಲ್ಲ ಹೇಳಿದೆ. ಇ20 ವಿಷಯವೂ ಬಂತು. ಈಗಿನ ಪೆಟ್ರೋಲಲ್ಲಿ ಶೇಕಡ 20 ಎಥನಾಲ್. ಒಂದು ಲೀಟರ್ ಎಥನಾಲಲ್ಲಿ ಪೆಟ್ರೋಲಿನ ಮೂರನೇ ಎರಡು ಭಾಗದಷ್ಟೇ ಶಕ್ತಿ, ಅದರ ಜೊತೆ ಉರಿಯಕ್ಕೆ ಕಮ್ಮಿ ಗಾಳಿ ಸಾಕು. ಬರೀ ಪೆಟ್ರೋಲಿಗೆ 14.7ಕ್ಕೆ 1 ಇದ್ದ ಗಾಳಿಯ ಲೆಕ್ಕ ಇದಕ್ಕೆ 13.5ರ ಹತ್ರ. ಮೆಲ್ಲಗೆ ಓಡಿಸುವಾಗ ಆಕ್ಸಿಜನ್ ಸೆನ್ಸರ್ ನೋಡಿ ಇಸಿಯು ತಾನೇ ಸರಿ ಮಾಡ್ಕೊಳ್ಳುತ್ತೆ. ಪೂರ್ತಿ ತುಳಿದಾಗ ಮಾತ್ರ 2002ರಲ್ಲಿ ಬರೆದ ಲೆಕ್ಕವನ್ನೇ ನಂಬುತ್ತೆ, ಇಂಧನ ಕಮ್ಮಿ ಬೀಳುತ್ತೆ. ಅದಕ್ಕೇ ರಿಂಗು ಹಾಕಿದ ಮೇಲೂ ಟ್ಯೂನಿಂಗ್ ಬೇಕೇ ಬೇಕು, ಹಳೇ ರಬ್ಬರ್ ಪೈಪುಗಳನ್ನೂ ಬದಲಾಯಿಸಬೇಕು.

ಅಪ್ಪ ಕೇಳಿಸ್ಕೊಂಡು, "ಎಥನಾಲ್ ಅಂದ್ರೆ ಕಬ್ಬಿನ ಕಾಕಂಬಿಯಿಂದ ಮಾಡೋದು ತಾನೇ?" ಅಂದ್ರು.

"ಅದರಿಂದಲೂ ಮಾಡ್ತಾರೆ ಅಪ್ಪ."

"ಹಂಗಾದ್ರೆ ನಮ್ಮದೇ ಒಂದು ಹನಿ ಒಳಗೆ ಇದ್ರೂ ಇರಬೌದು." ಸುಮಾರು ಹೊತ್ತು ಸುಮ್ಮನಿದ್ದು, "ಮೂರನೇದು ನಾನು ಕೆಡಿಸಿದ್ದಾ ಕಣವ್ವ?" ಅಂದ್ರು.

ಇಲ್ಲ ಅಪ್ಪ, ವಯಸ್ಸಾಗಿದೆ ಅದಕ್ಕೆ ಅಂದೆ. ಅಂದ ಮೇಲೆ ಅವರ ಮುಖ ನೋಡಕ್ಕಾಗಲಿಲ್ಲ.

ಬುಧವಾರ ಎಂಜಿನ್ನಿನ ಹೆಡ್ ಬಿಚ್ಚಿ ಸಿಲಿಂಡರಿನ ಒಳಗಿನ ಅಗಲದ (ಬೋರ್) ಅಳತೆ. ಸ್ಟ್ಯಾಂಡರ್ಡ್ ರಿಂಗಿಗೇ ಸರಿಹೋದ್ರೆ ಒಳಗೋಡೆ ಹದವಾಗಿ ಉಜ್ಜಿಸಿದ್ರೆ (ಹೋನಿಂಗ್) ಸಾಕು. ಕಾಲು ಮಿಲಿ ಓವರ್‌ಸೈಜ್ ಅಂದ್ರೆ ನಾಲ್ಕೂ ಪಿಸ್ಟನ್ ಹುಡುಕಬೇಕು, ಈ ಎಂಜಿನ್ನಿಗೆ ಈಗ ಎಲ್ಲಿ ಸಿಗುತ್ತೋ. ಆರ್‌ಸಿ ಬೇರೆ 2027ಕ್ಕೆ ಮುಗಿಯುತ್ತೆ, ಅಷ್ಟರೊಳಗೆ