ಮೂರನೇ ಗುಳಿಯ ಹಟ

ಸೀಸ ಕರಗಿಸಿ ಹೊಯ್ದು ರಿವಾಲ್ವರಿನ ಗುಂಡು ಮಾಡಿಕೊಳ್ಳುವ ನನ್ನ ಹಿತ್ತಾಳೆ ಅಚ್ಚು ಕೊನೆಗೂ ಕಚ್ಚಿಕೊಳ್ಳದೆ ಗುಂಡು ಬಿಡುತ್ತಿದೆ, ಅದೂ ನಾಲ್ಕೂ ಗುಳಿಗಳಿಂದ. ಸುತ್ತಿಗೆಯ ಹಿಡಿಯಿಂದ ಕುಟ್ಟಿ ಕುಟ್ಟಿ ಅಕ್ಕಪಕ್ಕದ ಮನೆಯವರಿಗೆಲ್ಲ ಬೇಜಾರು ಮಾಡಿಸಿದ್ದ ಗ್ಯಾರೇಜು ಈಗ ಶಾಂತವಾಗಿದೆ.

ಅಚ್ಚು .38 ರಿವಾಲ್ವರಿಗೆ: 158 ಗ್ರೇನ್ (ಸುಮಾರು ಹತ್ತು ಗ್ರಾಂ) ತೂಕದ, ಚಪ್ಪಟೆ ಮೂತಿಯ ಸೆಮಿ ವಾಡ್‌ಕಟರ್. ತಯಾರಕ ಹೇಳಿದ ಗಡುವು ಮುಗಿದು ನಾನು ಆಸೆ ಬಿಟ್ಟ ಮೇಲೆ ಬಂತು. ಹಿಡಿಕೆ ಬೇರೆ ಕೊಳ್ಳಬೇಕು ಅನ್ನುವುದು ಬಿಲ್ಲಿನ ತಳದಲ್ಲಿ, ಭೂತಗನ್ನಡಿ ಬೇಕಾಗುವಷ್ಟು ಸಣ್ಣ ಅಕ್ಷರದಲ್ಲಿತ್ತು. ಹಳೇ ಅಲ್ಯೂಮಿನಿಯಂ ಅಚ್ಚಿನ ಹಿಡಿಕೆ ಇದಕ್ಕೆ ಕೂರಲಿಲ್ಲ. ಕೂತಿದ್ದರೂ ಈ ಭಾರ ತಡೆಯುತ್ತಿತ್ತೋ ಇಲ್ಲವೋ! ಅದೇ ಗಾತ್ರದ ಹಿತ್ತಾಳೆ ಅಲ್ಯೂಮಿನಿಯಂಗಿಂತ ಮೂರು ಪಟ್ಟು ತೂಕ. ಅರ್ಧ ಗಂಟೆ ಎರಕ ಹೊಯ್ದರೆ ಮಣಿಕಟ್ಟು ಮಾತಾಡುತ್ತದೆ.

ಸೋಪು, ಹಲ್ಲುಜ್ಜುವ ಬ್ರಷ್ಷು, ಕುದಿನೀರು, ಆಮೇಲೆ ಹಾಟ್ ಪ್ಲೇಟಿನ ಮೇಲೆ 400 ಡಿಗ್ರಿ ಫ್ಯಾರನ್‌ಹೀಟ್‌ಗೆ ಕಾಯಿಸಿ ಆರಿಸುವ ಮೂರು ಸುತ್ತು, ಹೊಸ ಅಚ್ಚಿನ ಎಣ್ಣೆ ತೆಗೆದು ಪಳಗಿಸಲು ಇದೆಲ್ಲ ಆಗಬೇಕು. ಹೊಸ ಪಡ್ಡಿನ ಹಂಚನ್ನು ಪಳಗಿಸುವ ಹಾಗೆ. ಹೊಳಪು ಹೋಗಿ ಕಂದು ಬಣ್ಣ ಹತ್ತುವ ತನಕ ನಂಬುವಂತಿಲ್ಲ. ಸೀಸದ ಜೊತೆಗಿರುವ ತವರಕ್ಕೆ ಹಿತ್ತಾಳೆ ಕಂಡರೆ ಪ್ರೀತಿ ಉಕ್ಕುತ್ತದೆ; ನಡುವೆ ಆಕ್ಸೈಡ್ ಪೊರೆ ಇಲ್ಲದಿದ್ದರೆ ಎರಕದ ಬದಲು ಬೆಸುಗೆಯೇ ಆಗಿಬಿಡುತ್ತದೆ. ಕರಗಿದ ಸೀಸದ ಕಸ ಬೇರ್ಪಡಿಸಲು (ಫ್ಲಕ್ಸ್) ಹಾಕುವ ಮೇಣ ಅಚ್ಚಿನ ಹತ್ತಿರ ಸುಳಿಯದ ಹಾಗೆ ನೋಡಿಕೊಂಡೆ. (ಆ ಹಾಟ್ ಪ್ಲೇಟ್ ಇನ್ನು ಮುಂದೆ ಅಡುಗೆಮನೆಯ ಹೊಸಿಲು ತುಳಿಯುವಂತಿಲ್ಲ. ಸೀಸದ ವಿಷಯದಲ್ಲಿ ನಮ್ಮನೆಯಾಕೆಯ ತೀರ್ಪಿಗೆ ಮೇಲ್ಮನವಿ ಇಲ್ಲ, ಇರಲೂಬಾರದು.)

ಇಷ್ಟಾದ ಮೇಲೂ ಮೂರನೇ ಗುಳಿ ಗುಂಡು ಬಿಡಲೊಲ್ಲದು. ಒಂದು, ಎರಡು, ನಾಲ್ಕರಿಂದ ತಾವಾಗಿಯೇ ಉದುರುತ್ತವೆ. ಇದು ಮಾತ್ರ ಕಚ್ಚಿಕೊಂಡೇ ಇರುತ್ತದೆ. ಎಣ್ಣೆ ಉಳಿದಿದೆಯೇ? ಇದ್ದರೆ ಗುಂಡಿನ ಮೈ ಸುಕ್ಕುಗಟ್ಟಬೇಕಿತ್ತು, ಇದು ನುಣ್ಣಗಿತ್ತು. ಅಚ್ಚು ತಣ್ಣಗಿದೆಯೇ? ಗುಂಡಿನ ಮೇಲೆ ಮಂಜು ಬಡಿದಂಥ ಮಬ್ಬು ಬಿಳುಪು ಕಾಣುತ್ತಿತ್ತು, ಅಂದರೆ ಬಿಸಿಯೇ ಹೆಚ್ಚು. ಒಂದೇ ಗಾತ್ರದ ಹಿತ್ತಾಳೆ ಅಲ್ಯೂಮಿನಿಯಂಗಿಂತ ಹೆಚ್ಚು ಶಾಖ ಹಿಡಿದಿಡುತ್ತದೆ. ಪಾತ್ರೆಯನ್ನು 700 ಡಿಗ್ರಿಗಿಂತ ಕೆಳಗಿಳಿಸಿದೆ, ಅಚ್ಚಿನ ಮೇಲಿರುವ, ಸೀಸ ಹೊಯ್ಯುವ ತೂತಿನ ಸ್ಪ್ರೂ ಪ್ಲೇಟಿಗೆ ಫ್ಯಾನ್ ತಿರುಗಿಸಿದೆ. ಮಬ್ಬು ಹೋಯಿತು, ಹಟ ಹೋಗಲಿಲ್ಲ.

ಆಮೇಲೆ ಅನುಮಾನ ಸೀಸದ ಮೇಲೆ. ಶುದ್ಧ ವೀಲ್ ವೇಟ್ (ವಾಹನದ ಚಕ್ರದ ಸಮತೋಲಕ್ಕೆ ಸಿಕ್ಕಿಸುವ ಸೀಸದ ಬಿಲ್ಲೆ) ಕರಗಿಸಿದ್ದು ಎಂದು ಆಣೆ ಮಾಡಿ ಒಬ್ಬ ಮಾರಿದ ಗಟ್ಟಿಗಳು ಪಾತ್ರೆಯಲ್ಲಿ ಕೆನೆಗಟ್ಟಿ ತರಿತರಿಯಾಗಿದ್ದವು. ಸತು! ಅದು ಕರಗಲು 787 ಡಿಗ್ರಿ ಬೇಕು. ಆತ ತಾಳ್ಮೆಗೆಟ್ಟು ಉರಿ ಏರಿಸಿ, ಸತುವಿನ ತೂಕದ ಬಿಲ್ಲೆಗಳನ್ನೂ ಸೀಸದೊಳಗೆ ಕರಗಿಸಿದ್ದಾನೆ. ಆ ಗಟ್ಟಿಗಳೀಗ ಗ್ಯಾರೇಜಿನ ಬಾಗಿಲಿಗೆ ಒತ್ತು ಕೊಡುವ ಕೆಲಸದಲ್ಲಿವೆ. ಆದರೆ ಒಳ್ಳೆಯ ಸೀಸ ಹಾಕಿದರೂ ಮೂರನೆಯದು ಕಚ್ಚಿತು.

ದಾರಿ ತೋರಿಸಿದ್ದು ಗುಂಡೇ. ಮೂರನೇ ಗುಳಿಯ ಗುಂಡುಗಳನ್ನು ಸಾಲಾಗಿ ಇಟ್ಟು ನೋಡಿದರೆ ಪ್ರತಿಯೊಂದರ ಮುಂದಿನ ಪಟ್ಟಿಯ ಮೇಲೆ, ಒಂದೇ ಜಾಗದಲ್ಲಿ, ಕೂದಲೆಳೆಯಷ್ಟು ಗೀರು. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಗುಳಿಯ ಅಂಚಿನ ಸುತ್ತ ಮೆಲ್ಲಗೆ ಆಡಿಸಿದೆ. ಎಡ ಹೋಳಿನ ಒಂದು ಕಡೆ ಹತ್ತಿಯ ಎಳೆ ಸಿಕ್ಕಿಕೊಂಡಿತು. ಅಕ್ಕಸಾಲಿಗರ ಮಸೂರದಲ್ಲಿ ನೋಡಿದರೆ ಗಾಳಿಗೆರೆ (ಹೊಯ್ಯುವಾಗ ಒಳಗಿನ ಗಾಳಿ ಹೊರಹೋಗಲು ಇರುವ ಸಣ್ಣ ಗೀರು) ಕೊರೆದಾಗ ಒಳಕ್ಕೆ ಮಡಚಿಕೊಂಡ ಹಿತ್ತಾಳೆಯ ಮುಳ್ಳು. ಅಚ್ಚು ತೆರೆದಾಗಲೆಲ್ಲ ಗುಂಡಿನ ಮೈಗೆ ಕೊಕ್ಕೆ ಹಾಕುತ್ತಿದ್ದುದು ಅದೇ. ಇಷ್ಟು ದುಡ್ಡು ತೆಗೆದುಕೊಂಡವರು ಕೊನೆಗೊಮ್ಮೆ ಬೆರಳಾದರೂ ಆಡಿಸಿ ನೋಡಬಾರದಿತ್ತೇ?

ಅರ, ಚಾಕು ಎರಡನ್ನೂ ದೂರ ಇಟ್ಟೆ. ಹಿತ್ತಾಳೆ ಮೆದು, ಒಂದು ಗೀರು ಬಿದ್ದರೆ ಪ್ರತಿ ಗುಂಡಿಗೂ ಅದರ ಗುರುತು. ಬಿದಿರುಕಡ್ಡಿಯ ತುದಿಯನ್ನು ಉಳಿಯ ಹಾಗೆ ಕೆತ್ತಿ ಅಂಚಿಗೆ ಉಜ್ಜಿದೆ. ಮುಕ್ಕಾಲು ಹೋಯಿತು. ಉಳಿದುದಕ್ಕೆ, ಅದೇ ಗುಳಿಯ ಒಂದು ಗುಂಡಿನ ಬುಡ ಕೊರೆದು ಸ್ಕ್ರೂ ಬಿಗಿದು, ಮೈಗೆಲ್ಲ ಟೂತ್‌ಪೇಸ್ಟ್ ಸವರಿ, ಅಚ್ಚನ್ನು ಸಡಿಲವಾಗಿ ಮುಚ್ಚಿ ಕೈಯಲ್ಲೇ ತಿರುಗಿಸಿದೆ. ಇದರ ರುಚಿ ಹತ್ತಿದರೆ ಕಷ್ಟ, ಗುಳಿ ಅಗಲವಾಗುತ್ತಾ ಹೋಗುತ್ತದೆ. ಕೆಲವೇ ಸುತ್ತು ತಿರುಗಿಸಿ ನಿಲ್ಲಿಸಿ, ತೊಳೆದು, ಮತ್ತೆ ಕಾಯಿಸಿ ಕಂದು ಪೊರೆ ಬರಿಸಿದೆ.

ಹೊಯ್ದೆ, ತೆರೆದೆ. ನಾಲ್ಕೂ ಮಡಚಿದ ಟವೆಲಿನ ಮೇಲೆ ಬಿದ್ದವು.

ಹುಡುಕಾಟದ ನಡುವೆ ಮೆದು ಸೀಸದ ಒಂದು ಡಬ್ಬಿ ಸಿಕ್ಕಿದೆ, ಅದನ್ನು ಮುಟ್ಟುವುದಿಲ್ಲ. ಅದು ಮುಂದಿನ ಹುಚ್ಚಿಗೆ: ಅಮೆರಿಕದ ಅಂತರ್ಯುದ್ಧ ಕಾಲದ 1861ರ ಸ್ಪ್ರಿಂಗ್‌ಫೀಲ್ಡ್ ಮಾದರಿಯ ಕೋವಿಗೆ .58 ಮಿನಿಯೆ ಗುಂಡು. ಅದರ ಬುಡ ಟೊಳ್ಳು. ಮದ್ದು ಸಿಡಿದಾಗ ಅಂಚು ಅರಳಿ ನಳಿಗೆಯೊಳಗಿನ ಸುರುಳಿ ತೋಡುಗಳನ್ನು ಹಿಡಿಯಬೇಕು. ವೀಲ್ ವೇಟಿನಂಥ ಗಟ್ಟಿ ಲೋಹ ಸರಿಯಾಗಿ ಅರಳುವುದಿಲ್ಲ. ಅಚ್ಚು ಮೂರು ತುಂಡಿನದು, ಬುಡಕ್ಕೆ ಬೇರೆ ಬೆಣೆ. ಅಂದರೆ ಮುಳ್ಳು ಅಡಗಲು ಇನ್ನೂ ಒಂದಷ್ಟು ಜಾಗ.

ಸದ್ಯಕ್ಕೆ ಅಳತೆ: ಮೂರು ಗುಳಿಗಳದು .358 ಇಂಚು, ತಿಕ್ಕಿಸಿಕೊಂಡ ಮೂರನೆಯದು .3585. ಗುಂಡಿನ ಮೇಲೆ ಬಣ್ಣದ ಪುಡಿ ಕಾಯಿಸಿ ಹತ್ತಿಸುವ ಪೌಡರ್ ಕೋಟಿಂಗ್ ಆದರೆ ಇನ್ನೂ ದಪ್ಪವಾಗುತ್ತವೆ, ಹಾಗಾಗಿ ಗುಂಡನ್ನು ಒತ್ತಿ ಸರಿಯಾದ ಅಳತೆಗೆ ತರುವ ಸೈಜಿಂಗ್ ಡೈ ಬೇಕೇ ಬೇಕು. ಆರ್ಡರ್ ಮಾಡಿದ್ದೇನೆ. ಬೇರೆಯವರ ಹತ್ತಿರ.